ಚಂದ್ರಪ್ರಭಾ ಟಾಕೀಸಿನಲ್ಲಿ ತುಕ್ರು ಉಂಡ ಅನ್ನ

"ಶರ್ಟ್ ತೆಗಿ," ಎಂದ ಯಶ್. "ಅದೆಲ್ಲ ಬೇಡ. ನನಗೆ ಒರಿಜಿನಲ್ ಬೇಕು."

ಚನಿಯಪ್ಪ ಶರ್ಟಿನ ಮೇಲಿನ ಗುಂಡಿಯನ್ನು ಮುಟ್ಟಿಕೊಂಡು ಹಾಗೇ ನಿಂತ. ಆ ಬಿಳಿ ಶರ್ಟನ್ನು ಮಗಳು ಸುಮತಿ ಹಿಂದಿನ ದಿನವೇ ಒಗೆದು, ಟೈಲರನ ಅಂಗಡಿಯಲ್ಲಿ ಕಾಡಿ ಬೇಡಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. ವೀಡಿಯೊದಲ್ಲಿ ಬರುವುದೆಂದರೆ ಊರಿಡೀ ನೋಡುತ್ತದೆ, ಹರಕು ಬಟ್ಟೆಯಲ್ಲಿ ನಿಲ್ಲಬಾರದು ಎಂಬುದು ಅವಳ ಹಟ. ಅಪ್ಪನ ಗಡ್ಡವನ್ನೂ ಪಕ್ಕದಲ್ಲಿ ನಿಂತು ಹೆರೆಸಿದ್ದಳು.

"ಕಿವಿ ಕೇಳುವುದಿಲ್ವಾ? ಶರ್ಟ್ ತೆಗಿ, ಮುಂಡು ಮೇಲೆ ಕಟ್ಟು, ಡೋಲು ಕೊರಳಿಗೆ ಹಾಕು. ಈಗ ಹಿಂದೆ ಹೋಗು. ಇನ್ನೂ ಹಿಂದೆ ಮಾರಾಯ, ಹೊಸ ಕುರ್ಚಿಗೆ ತಾಗ್ತೀಯ. ಅಲ್ಲೇ ನಿಲ್ಲು, ಅಲ್ಲಾಡಬೇಡ."

ಹೇಳಿದವನು ದಣಿ ಚಂದ್ರರಾಜರ ಮಗ, ಮಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದ ಹುಡುಗ. ಕೇಳಿಸಿಕೊಂಡವನು ಅರವತ್ತು ದಾಟಿದ ಮುದುಕ. ಹುಡುಗನ ಬಾಯಲ್ಲಿ ಏಕವಚನ ಸಲೀಸಾಗಿ ಬರುತ್ತಿತ್ತು, ಅದು ತಪ್ಪೆಂದು ಮುದುಕನಿಗೂ ಹೊಳೆಯಲಿಲ್ಲ. ಅವನಿಗೆ ಬೇಸರವಾದದ್ದು ಶರ್ಟಿನ ವಿಷಯಕ್ಕೆ ಮಾತ್ರ. ಬಿಚ್ಚಿ ಮಡಚಿ ಎಲ್ಲಿಡಲಿ ಎಂದು ಸುತ್ತ ನೋಡಿದ. ಪಳಪಳ ಹೊಳೆಯುವ ಟೈಲ್ಸಿನ ನೆಲ, ಪ್ಲಾಸ್ಟಿಕ್ ಹೊದಿಸಿದ ಹೊಸ ಕುರ್ಚಿಗಳು. ಯಾವುದರ ಮೇಲೂ ಇಡುವ ಧೈರ್ಯ ಸಾಲದೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಬೆಳ್ತಂಗಡಿಯಿಂದ ಗುರುವಾಯನಕೆರೆಗೆ ಹೋಗುವ ರಸ್ತೆಯ ಬದಿಯ ಚಂದ್ರಪ್ರಭಾ ಟಾಕೀಸು ಮದುವೆ ಹಾಲ್ ಆಗುತ್ತಿತ್ತು. ಕಟ್ಟಡ ಚಂದ್ರರಾಜರದು, ಹಣ ಗಲ್ಫಿನಲ್ಲಿ ದುಡಿದು ಬಂದ ಬದ್ರುದ್ದೀನ್ ಹಾಜಿಯವರದು. ಮುಂದಿನ ತಿಂಗಳು ಉದ್ಘಾಟನೆ. ಅಷ್ಟರೊಳಗೆ ಟಾಕೀಸಿನ ಇತಿಹಾಸದ ವೀಡಿಯೊ ಒಂದನ್ನು ಬಿಟ್ಟು ಊರವರ ಕಣ್ಣಲ್ಲಿ ನೀರು ತರಿಸಬೇಕೆಂದು ಯಶ್ ಹೊರಟಿದ್ದ. ಹಳೆಯ ಟಿಕೆಟಿನ ತುಂಡು ಸಿಕ್ಕಿತ್ತು, ತುಕ್ಕು ಹಿಡಿದ ಪ್ರೊಜೆಕ್ಟರು ಸಿಕ್ಕಿತ್ತು. ಹಳೆಯ ಮನುಷ್ಯ ಒಬ್ಬ ಬೇಕಿತ್ತು. ಟಾಕೀಸಿನ ಹಿಂಗೋಡೆಗೆ ಒರಗಿಸಿ ಇಳಿಸಿದ ಶೀಟಿನ ಮಾಡಿನ ಕೆಳಗೆ ಚನಿಯಪ್ಪ ಇದ್ದೇ ಇದ್ದ.

ಯಶ್ ಕಂಡುಕೊಂಡ ಇತಿಹಾಸದಲ್ಲಿ ಅವನ ಅಜ್ಜ, ಅಂದರೆ ಹಿರಿಯ ದಣಿಗಳು, ದೊಡ್ಡ ಕನಸುಗಾರರು. ಹಳ್ಳಿಯ ಬಡಜನರಿಗೂ ಸಿನಿಮಾ ಕಾಣಿಸಬೇಕೆಂದು ಹಗಲಿರುಳು ಒದ್ದಾಡಿದವರು. ಕನಸು ಕಂಡದ್ದೇನೋ ಹೌದು, ಆದರೆ ಅದು ಬೇರೆಯೇ ಕನಸು. ಈ ಮುರಕಲ್ಲಿನ ಕಟ್ಟಡ ಮೊದಲಿಗೆ ಗೇಣಿ ಭತ್ತದ ಕಣಜವಾಗಿತ್ತು. ಒಕ್ಕಲುಗಳು ಹೊತ್ತು ತಂದು ಸುರಿದ ಭತ್ತ ಮಾಡಿನ ತೊಲೆಯವರೆಗೆ ಬರುತ್ತಿತ್ತಂತೆ. ಉಳುವವನಿಗೇ ಭೂಮಿ ಕೊಡುವ ಕಾನೂನು ಬರುತ್ತದೆಂದು ಹಿರಿಯ ದಣಿಗಳ ಮೂಗಿಗೆ ಎಲ್ಲರಿಗಿಂತ ಮೊದಲು ವಾಸನೆ ಬಡಿಯಿತು. ಗದ್ದೆ ಹೋದರೆ ಕಣಜ ಯಾಕೆ, ಕಣಜದ ಜಾಗಕ್ಕೂ ಯಾವನಾದರೂ ಅರ್ಜಿ ಹಾಕಿದರೆ ಏನು ಗತಿ ಎಂದು ಅವರು ರಾತ್ರೋರಾತ್ರಿ ಭತ್ತ ಖಾಲಿ ಮಾಡಿಸಿ, ಬೆಂಚು ಹಾಕಿಸಿ, ಬಿಳಿ ಪರದೆ ಎಳೆಸಿದರು. ಟಾಕೀಸಿನ ಮೇಲೆ ಯಾವ ಒಕ್ಕಲೂ ಹಕ್ಕು ಕೇಳಲಿಲ್ಲ.

ಬಾಲ್ಕನಿ ದಣಿಗಳ ಬಂಧುಗಳಿಗೆ ಮತ್ತು ಬ್ಯಾಂಕಿನ ಮ್ಯಾನೇಜರಿಗೆ. ಕುರ್ಚಿ ಅಂಗಡಿಯವರಿಗೆ, ಬೆಂಚು ಒಕ್ಕಲುಗಳಿಗೆ, ನೆಲ ಕೂಲಿಯವರಿಗೆ. ಚನಿಯಪ್ಪನ ಜನರಾದ ಕೊರಗರಿಗೆ ನೆಲವೂ ಇಲ್ಲ, ಅವರು ಕೂರುವುದು ಪರದೆಯ ಹಿಂದೆ. ಟಿಕೆಟು ಅರ್ಧ, ಬೆಳಕೂ ಅರ್ಧ. ಪರದೆಯ ಬಟ್ಟೆಯನ್ನು ದಾಟಿ ಬಂದಷ್ಟನ್ನು ನೋಡಬೇಕು, ಅದೂ ತಿರುಗುಮುರುಗಾಗಿ. ನಾಯಕ ಎಡಗೈಯಲ್ಲಿ ಉಣ್ಣುತ್ತಿದ್ದ, ಎಡಗೈಯಲ್ಲಿ ಸಲಾಮು ಹೊಡೆಯುತ್ತಿದ್ದ, ಕತ್ತಿಯನ್ನೂ ಎಡಗೈಯಲ್ಲೇ ಬೀಸುತ್ತಿದ್ದ. ಪೇಟೆಯ ದೊಡ್ಡವರೆಲ್ಲ ಎಡಗೈಯವರು ಎಂದು ಚನಿಯಪ್ಪ ಮೀಸೆ ಬರುವವರೆಗೂ ನಂಬಿದ್ದ. ಸಿನಿಮಾ ಬದಲಾದಾಗ ಜೀಪಿನ ಹಿಂದೆ ಕೂತು ಊರೂರಿಗೆ ಡೋಲು ಬಡಿಯುವುದು, ಆಟ ಮುಗಿದ ಮೇಲೆ ಬಾಲ್ಕನಿಯವರು ಉಗಿದ ಎಲೆಅಡಿಕೆಯನ್ನು ತಿಕ್ಕುವುದು, ಮೂತ್ರಿಯ ಗುಂಡಿ ತೆಗೆಯುವುದು ಅವನ ಕೆಲಸವಾಗಿತ್ತು. ಟಾಕೀಸು ಮುಚ್ಚಿ ಅಡಿಕೆಯ ಗೋದಾಮಾಯಿತು, ಗೋದಾಮು ಮುಚ್ಚಿ ಬಾವಲಿಗಳ ಮನೆಯಾಯಿತು. ಚನಿಯಪ್ಪ ಹಿಂಗೋಡೆಯ ಆಚೆ ಹಾಗೆಯೇ ಉಳಿದ.

ಇದನ್ನೆಲ್ಲ ಅವನು ಕ್ಯಾಮೆರಾದ ಮುಂದೆ ಸಂತೋಷದಿಂದಲೇ ಹೇಳಿದ. ಜೀವನದಲ್ಲಿ ಮೊದಲ ಸಲ ಒಬ್ಬರು ಅವನ ಮಾತನ್ನು ಅಡ್ಡ ಬಾಯಿ ಹಾಕದೆ ಕೇಳುತ್ತಿದ್ದರು. ಚಂದ್ರರಾಜರು ಫೋನ್ ಬಂತೆಂದು ಹೊರಗೆ ಹೋಗಿದ್ದರು. ಈ ಟಾಕೀಸಿನಲ್ಲಿ ನಿನಗೆ ಮರೆಯಲಿಕ್ಕೇ ಆಗದ ದಿನ ಯಾವುದು ಎಂದು ಯಶ್ ಕೇಳಿದ. ಚನಿಯಪ್ಪನಿಗೆ ಯೋಚನೆ ಮಾಡಬೇಕಾಗಿ ಬರಲಿಲ್ಲ. ಅವನಿಗೆ ಅಂಥ ದಿನ ಇದ್ದದ್ದು ಒಂದೇ.

ಟಾಕೀಸಿನ ಮೊದಲ ಆಟಕ್ಕೆ ಎಲ್ಲ ತಯಾರಾಗಿ ನಿಂತಾಗ ಹಿರಿಯ ದಣಿಗಳ ಒಬ್ಬನೇ ಮಗ ಜ್ವರ ಹಿಡಿದು ಮಲಗಿದ. ಮಂಗಳೂರಿನಿಂದ ಬಂದ ಡಾಕ್ಟರೂ ಕೈ ಚೆಲ್ಲಿದ. ಕಣಜ ಖಾಲಿ ಮಾಡಿದ ದೋಷ ಮಗುವಿನ ಮೈಗೆ ಬಂದಿದೆ, ಅದನ್ನು ಬೇರೆ ಮೈಗೆ ದಾಟಿಸಬೇಕು ಎಂದು ಜೋಯಿಸರು ಹೇಳಿದರು. ದಾಟಿಸುವ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಮಗುವಿನ ತಲೆಕೂದಲು, ಉಗುರು ಕತ್ತರಿಸಿ, ಎಣ್ಣೆ ಹಾಕಿ ಅನ್ನದಲ್ಲಿ ಕಲಸಿದರು. ಚನಿಯಪ್ಪನ ತಾಯಿ ತುಕ್ರುವನ್ನು ಕರೆಸಿದರು. ಅವಳ ಜನ ಆ ಕಟ್ಟಡದ ಮುಂಬಾಗಿಲಿನಿಂದ ಒಳಗೆ ಹೋದದ್ದು ಆ ದಿನ ಮಾತ್ರ. ನಟ್ಟನಡುವೆ, ಪರದೆಯ ಎದುರಿಗೆ ಎಲೆ ಹಾಕಿ ಕೂರಿಸಿದರು. ಗಂಡಸರು ಸುತ್ತ ನಿಂತು ಡೋಲು ಬಡಿದರು. ಸಣ್ಣ ಹುಡುಗ ಚನಿಯಪ್ಪ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಗಂಟಲಿಗೆ ಕೂದಲು ಸಿಕ್ಕಿಕೊಂಡಾಗ ತುಕ್ರು ಒಮ್ಮೆ ಓಕರಿಸಿದಳು. ಹೊರಗೆ ಬಿದ್ದರೆ ದೋಷ ಮತ್ತೆ ಮಗುವಿಗೇ ಹೋಗುತ್ತದೆ ಎಂದು ಜೋಯಿಸರು ಕಿರುಚಿದರು. ಅವಳು ಬಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನುಂಗಿದಳು.

"ನಮ್ಮ ಅಪ್ಪೆ ಎಲೆ ನೆಕ್ಕಿ ಎದ್ದದ್ದು," ಎಂದ ಚನಿಯಪ್ಪ, ತಾಯಿಯನ್ನು ನೆನೆದು ಕ್ಯಾಮೆರಾಕ್ಕೆ ಕೈ ಮುಗಿದು. "ಮರುದಿನ ದಣಿಗಳ ಮಗು ಎದ್ದು ಗಂಜಿ ಕೇಳಿತು. ಆ ಮಗುವೇ ಈಗಿನ ನಮ್ಮ ಚಂದ್ರರಾಜ ದಣಿ. ಅಪ್ಪೆ ಮಲಗಿದಳು, ಮತ್ತೆ ಏಳಲಿಲ್ಲ. ಹಿರಿಯ ದಣಿ ದೊಡ್ಡ ಮನುಷ್ಯ, ಉಪಕಾರ ಮರೀಲಿಲ್ಲ. ಪರದೆ ಹಿಂದೆ ಮಾಡು ಇಳಿಸಿ ನಮಗೆ ಮನೆ ಕೊಟ್ರು."

ಯಶ್‌ನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಹುಡುಗ ಕೆಟ್ಟವನೇನಲ್ಲ. ಮೂಡಬಿದಿರೆಯ ಹಾಸ್ಟೆಲಿನಲ್ಲಿ ಬೆಳೆದವನಿಗೆ ಇದಕ್ಕೆ ಅಜಲು ಎಂಬ ಹೆಸರಿದೆ ಎಂದಾಗಲಿ, ಕೊರಗರಿಗೆ ಹೀಗೆ ಉಣ್ಣಿಸುವುದನ್ನು ಸರ್ಕಾರ ಯಾವತ್ತೋ ನಿಷೇಧಿಸಿದೆ ಎಂದಾಗಲಿ ಗೊತ್ತಿರಲಿಲ್ಲ. ಅವನಿಗೆ ಕಂಡದ್ದು ಒಬ್ಬ ತಾಯಿಯ ತ್ಯಾಗ, ದಣಿ-ಆಳಿನ ನಡುವಿನ ಪ್ರೀತಿ. ಸೂಪರ್ ಅಜ್ಜ ಎಂದು ಬೆನ್ನು ತಟ್ಟಲು ಹೋದವನು ಬೆವರಿದ ಬರಿಮೈ ನೋಡಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಆ ಸಂಜೆಯೇ ಕೊಳಲಿನ ಸಂಗೀತ ಹಾಕಿ, 'ನಮ್ಮ ಮನೆಗಾಗಿ ಜೀವ ತೆತ್ತ ಮಹಾತಾಯಿ' ಎಂದು ಬರೆದು, ವೀಡಿಯೊವನ್ನು ಎಲ್ಲೆಡೆ ಹಾಕಿದ. ಯಾರಿಗೂ ಕೆಟ್ಟದ್ದು ಬಗೆಯದ ಇಬ್ಬರು ಸೇರಿ ಮಾಡಿದ ಕೆಲಸ ಅದು.

ಸುಮತಿ ಅದನ್ನು ನೋಡಿದ್ದು ಮರುದಿನ ಬೆಳಿಗ್ಗೆ, ಕಸದ ಟಿಪ್ಪರಿನ ಡ್ರೈವರನ ಫೋನಿನಲ್ಲಿ. ಅವಳು ಪಟ್ಟಣ ಪಂಚಾಯತಿನಲ್ಲಿ ಗುಡಿಸುವ ಕೆಲಸದವಳು, ಗಂಡ ಸತ್ತ ಮೇಲೆ ಅಪ್ಪನ ಜೊತೆಗೇ ಇದ್ದಳು. ಹತ್ತನೆಯ ಕ್ಲಾಸು ಓದಿದ್ದಳು. ಇನ್ನು ಯಾರ ಮನೆಯ ಎಂಜಲನ್ನೂ ಹೊರುವುದಿಲ್ಲ, ಯಾರು ಕರೆದರೂ ಡೋಲು ಬಡಿಯುವುದಿಲ್ಲ ಎಂದು ತಮ್ಮ ಜನರ ಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ ಅವಳ ಕೈ ಎಲ್ಲರಿಗಿಂತ ಮೇಲಿತ್ತು. ಅವಳು ಪೊರಕೆಯನ್ನು ಅಲ್ಲೇ ಬಿಸಾಕಿ ಮನೆಗೆ ಬಂದಳು.

"ಶರ್ಟ್ ಎಲ್ಲಿ ಹೋಯ್ತು ಅಪ್ಪ?" ಎಂದು ಮೊದಲು ಕೇಳಿದಳು. ಆಮೇಲೆ ಬಾಗಿಲಲ್ಲಿ ಕುಸಿದು ಕೂತು, ಅಜ್ಜಿಯನ್ನು ಕೊಂದವರನ್ನು ಊರೆದುರು ಹೊಗಳಿ ಬಂದಿದ್ದೀರಲ್ಲ ಎಂದಳು. ಚನಿಯಪ್ಪನಿಗೆ ಮಗಳ ಸಿಟ್ಟು ತಿಳಿಯಲಿಲ್ಲ. ಇದ್ದದ್ದನ್ನು ಹೇಳಿದ್ದೇನೆ, ಒಳ್ಳೆಯದನ್ನೇ ಹೇಳಿದ್ದೇನೆ, ಒಂದು ಕೆಟ್ಟ ಮಾತು ಉಂಟಾ ಅದರಲ್ಲಿ ಎಂದು ಕೇಳಿದ. ಒಂದೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾಗದ ಸಂಕಟವಾಯಿತು.

ಮಧ್ಯಾಹ್ನದ ಹೊತ್ತಿಗೆ ವೀಡಿಯೊ ಬೆಂಗಳೂರು ತಲುಪಿತ್ತು. ಯಾರೋ ಕೊಳಲು ತೆಗೆದು, ತುಕ್ರು ಬಾಯಿ ಮುಚ್ಚಿಕೊಂಡು ನುಂಗಿದ ಮಾತನ್ನಷ್ಟೇ ಕತ್ತರಿಸಿ ಹಾಕಿದ್ದರು. ಯಾವುದೋ ಸಂಘಟನೆಯ ಇಬ್ಬರು ಯುವಕರು ಜೀಪಿನಲ್ಲಿ ಬಂದು, ಚನಿಯಪ್ಪನನ್ನು ನಡುವೆ ನಿಲ್ಲಿಸಿಕೊಂಡು, ಅವನ ಕೈಯನ್ನು ತಾವೇ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಹೆದರಬೇಡಿ, ನಾವಿದ್ದೇವೆ ಎಂದು ಹೇಳಿ ಹೋದರು. ಅಲ್ಲಿಯವರೆಗೆ ಅವನಿಗೆ ಹೆದರಿಕೆ ಇರಲಿಲ್ಲ.

ಅವರ ಜೀಪು ತಿರುಗುತ್ತಿದ್ದಂತೆ ಚಂದ್ರರಾಜರು ಬಂದರು. ಪರದೆಯ ಹಿಂದಿನ ಮನೆಗೆ ಅವರು ಈವರೆಗೆ ಬಂದವರಲ್ಲ, ಏನಿದ್ದರೂ ಆಳನ್ನು ಕಳಿಸುತ್ತಿದ್ದರು. ತುಕ್ರುವಿನ ಮಗನ ಮುಖವನ್ನು ನೇರವಾಗಿ ನೋಡುವುದನ್ನು ಅವರು ಚಿಕ್ಕಂದಿನಿಂದಲೂ ತಪ್ಪಿಸಿಕೊಂಡು ಬಂದಿದ್ದರು. ಈಗ ನೋಡಿದರು.

"ಬೇವರ್ಸಿ ನಾಯಿ," ಎಂದರು. "ನನ್ನ ಅಂಗಳದಲ್ಲಿ ಬಿದ್ದುಕೊಂಡು ನನ್ನ ಮರ್ಯಾದೆ ತೆಗೀತೀಯ? ಎಷ್ಟು ಕೊಟ್ರು ನಿನಗೆ? ಯಾವ ಬೋಳಿಮಗ ಹೇಳಿಕೊಟ್ಟದ್ದು?"

ಚನಿಯಪ್ಪ ಕೈ ಮುಗಿದ. ನಾನು ನಿಮ್ಮನ್ನು ಹೊಗಳಿದ್ದು ದಣಿ ಎನ್ನಲು ಹೊರಟ. ಅಷ್ಟರಲ್ಲಿ ಬಾಗಿಲ ಪಕ್ಕದಲ್ಲಿದ್ದ ಡೋಲನ್ನು ಅವರು ಕಾಲಿನಿಂದ ಒದ್ದರು. ಅದು ಉರುಳಿ ಚರಂಡಿಗೆ ಬಿತ್ತು. ಸುಮತಿ ಎದ್ದು ನಿಂತು, ನೀವು ನಾಲಿಗೆ ಬಿಗಿಹಿಡಿದು ಮಾತಾಡಿ, ಇದಕ್ಕೆ ಕಾನೂನು ಉಂಟು ಎಂದಳು. ಕಾನೂನಿಗೆ ಹೋಗು, ಪಂಚಾಯತಿನ ಅಧ್ಯಕ್ಷನ ಹತ್ತಿರ ಒಂದು ಮಾತು ಹೇಳಿದರೆ ನಾಳೆ ನಿನ್ನ ಕೈಯಲ್ಲಿ ಪೊರಕೆಯೂ ಇರುವುದಿಲ್ಲ ಎಂದು ಚಂದ್ರರಾಜರು ತಣ್ಣಗೆ ಹೇಳಿ ಹೋದರು.

ವೀಡಿಯೊದ ವಿಚಾರಣೆಗೆಂದು ಮಂಗಳೂರಿನಿಂದ ಸರ್ಕಾರದ ಅಧಿಕಾರಿಯೊಬ್ಬರು ಬಂದರು. ಬಂದವರು ಮೊದಲು ದಣಿಗಳ ಜಗಲಿಯಲ್ಲಿ ಕೂತು ಕಾಫಿ ಕುಡಿದರು, ಗೋಡಂಬಿ ತಿಂದರು. ಆಮೇಲೆ ಚನಿಯಪ್ಪನನ್ನು ಅಲ್ಲಿಗೇ ಕರೆಸಿ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದರು. ಕಣ್ಣಾರೆ ನೋಡಿದ್ದೀಯಾ ಎಂದು ಕೇಳಿದರು. ನೋಡಿದ್ದೇನೆ ಎಂದ. ಯಾವ ಇಸವಿ ಎಂದರು. ಗೊತ್ತಿಲ್ಲ ಎಂದ. ಇಸವಿ ಗೊತ್ತಿಲ್ಲದವನಿಗೆ ಕೂದಲು ಹೇಗೆ ಕಂಡಿತು ಎಂದು ಕೇಳಿ ಅಧಿಕಾರಿ ನಕ್ಕರು. ಜಗಲಿಯ ಮೇಲಿದ್ದವರೂ ನಕ್ಕರು. ಅಪ್ಪೆ ಓಕರಿಸಿದ್ದು ಈಗಲೂ ಕಿವಿಯಲ್ಲಿ ಉಂಟು ಸ್ವಾಮಿ ಎಂದು ಚನಿಯಪ್ಪ ಹೇಳಿದ. ಅದನ್ನು ಅವರು ಬರೆದುಕೊಳ್ಳಲಿಲ್ಲ. ಅವನು ಹೋಗಬಹುದೆಂದು ಕೈಯಲ್ಲೇ ತೋರಿಸಿ, ಮುದುಕನ ಬಾಯಿಂದಲೇ ಇನ್ನೊಂದು ವೀಡಿಯೊ ಮಾಡಿಸಿ ಹಾಕಿದರೆ ಫೈಲು ಮುಚ್ಚುವುದು ಸುಲಭ ಎಂದು ಚಂದ್ರರಾಜರಿಗೆ ಉಪಾಯ ಹೇಳಿಕೊಟ್ಟರು.

ಹಾಗಾಗಿ ಮಾತುಕತೆ ನಡೆಯಿತು. ನಡುವೆ ಬಂದವರು ಬದ್ರುದ್ದೀನ್ ಹಾಜಿ. ಅವರು ಪರದೆಯ ಹಿಂದಿನ ಮನೆಯೊಳಗೆ ಬಂದು, ಸುಮತಿ ಹಾಸಿದ ಚಾಪೆಯ ಮೇಲೆ ಕೂತು, ಅವಳು ಕೊಟ್ಟ ನೀರನ್ನು ಕುಡಿದರು. ಚನಿಯಪ್ಪನಿಗೆ ಅದೇ ದೊಡ್ಡದಾಗಿ ಕಂಡಿತು. ಹಾಜಿಯವರು ಹೇಳಿದ್ದಿಷ್ಟು: ಬುಕ್ಕಿಂಗ್ ಮಾಡಿದ ಮದುವೆಯವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದಾರೆ, ಶಾಪದ ಹಾಲ್ ಎಂಬ ಹೆಸರು ಬಂದಿದೆ. ನನ್ನ ಜೀವಮಾನದ ಬೆವರು ಇದರಲ್ಲಿ ಹೋಗಿದೆ. ಚನಿಯಣ್ಣ ನಾಲ್ಕು ಮಾತು ಹೇಳಿದರೆ ಎಲ್ಲ ತಣ್ಣಗಾಗುತ್ತದೆ, ಈ ಮನೆಯನ್ನು ಯಾರೂ ಮುಟ್ಟುವುದಿಲ್ಲ. ಹೇಳದಿದ್ದರೆ ನಾಳೆ ಮಧ್ಯಾಹ್ನವೇ ಜೆಸಿಬಿ ಬರುತ್ತದೆ. ಅದನ್ನು ತಡೆಯುವುದು ನನ್ನ ಕೈಯಲ್ಲಿ ಇಲ್ಲ.

"ನಾನೂ ಬೆಂಚಲ್ಲಿ ಕೂತು ಸಿನಿಮಾ ನೋಡಿದವ," ಎಂದು ಏಳುವಾಗ ಹೇಳಿದರು. "ಹಿಂದೆ ನೀವಿದ್ರಿ ಅಂತ ಗೊತ್ತಿತ್ತು. ಆಗ ಯಾರಿಗೂ ಎಂತದೂ ಅನಿಸ್ತಿರಲಿಲ್ಲ."

ಅವರು ಹೋದ ಮೇಲೆ ಚನಿಯಪ್ಪ ಮಗಳ ಮುಖ ನೋಡಿದ. ಅವಳು ಒಪ್ಪುವುದಿಲ್ಲವೆಂದು ಅವನಿಗೆ ಖಾತ್ರಿ ಇತ್ತು. ಅವಳ ಹಟವೇ ಗೋಡೆಯಾಗಿ ನಿಂತರೆ ತಾನು ಅದರ ಹಿಂದೆ ಅಡಗಿಕೊಳ್ಳಬಹುದು ಎಂದು ಒಳಗೊಳಗೇ ಕಾಯುತ್ತಿದ್ದ. ಸುಮತಿ ಚಾಪೆ ಸುತ್ತಿದಳು, ಲೋಟ ತೊಳೆದಳು. ಒಲೆಯ ಮುಂದೆ ಹೋಗಿ ಕೂತಳು.

"ಹೇಳಿಬಿಡಿ ಅಪ್ಪ," ಎಂದಳು ಕೊನೆಗೆ. "ಎಲ್ಲಿಗೆ ಹೋಗುವುದು ನಾವು? ಜಾಗಕ್ಕೆ ಅರ್ಜಿ ಕೊಟ್ಟು ಕೊಟ್ಟು ನನ್ನ ಚಪ್ಪಲಿ ಸವೆಯಿತು. ಜೀಪಿನವರಿಗೆ ಫೋನ್ ಮಾಡಿದೆ, ಎತ್ತುವುದಿಲ್ಲ. ಹೇಳಿಬಿಡಿ. ಅಜ್ಜಿ ಎಂತ ಕೇಳ್ಲಿಕ್ಕೆ ಬರ್ತಾಳಾ?"

ಹೇಳಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸಭೆಯಲ್ಲಿ ಎಲ್ಲರಿಗಿಂತ ಮೇಲೆ ಕೈ ಎತ್ತಿದವಳು ಅಪ್ಪನಿಗೆ ಸುಳ್ಳು ಹೇಳು ಎಂದು ಬೇಡಿಕೊಂಡದ್ದು ಹೀಗೆ. ಚನಿಯಪ್ಪ ಅವಳ ತಲೆ ಸವರಿದ. ಆಗಲಿ, ಹೇಳ್ತೇನೆ ಎಂದ. ದಣಿಗಳ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ, ಮಗಳ ಮಾತಿಗೂ ಇರಲಿಲ್ಲ.

ಮರುದಿನ ಮದುವೆ ಹಾಲ್‌ನಲ್ಲಿ ಮೊದಲ ಊಟದ ಪರೀಕ್ಷೆ ಇತ್ತು. ಅಡುಗೆಯವರ ಕೈಗುಣ ನೋಡಲು ದಣಿಗಳ ನಾಲ್ಕಾರು ನೆಂಟರು, ಹಾಜಿಯವರು ಬಂದಿದ್ದರು. ಉದ್ದದ ಮೇಜುಗಳ ಮೇಲೆ ಬಾಳೆ ಎಲೆ ಹಾಸಿತ್ತು. ಹಿಂದಿನ ಅಂಗಳದಲ್ಲಿ ಹಳದಿ ಜೆಸಿಬಿ ಬೆಳಿಗ್ಗೆಯೇ ಬಂದು ನಿಂತಿತ್ತು. ಅಗತ್ಯ ಬೀಳಲಿಕ್ಕಿಲ್ಲ, ಸುಮ್ಮನೆ ಇರಲಿ ಎಂದು ಕರೆಸಿದ್ದು ಎಂದು ಯಾರೋ ಸುಮತಿಗೆ ಸಮಾಧಾನ ಹೇಳಿದರು. ಅವಳು ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

ಈ ಸಲ ಚನಿಯಪ್ಪನಿಗೆ ಶರ್ಟು ಹಾಕಿಕೊಳ್ಳಲು ಹೇಳಿದರು. ಪ್ಲಾಸ್ಟಿಕ್ ತೆಗೆದ ಕುರ್ಚಿಯಲ್ಲಿ ಕೂರಿಸಿದರು. ಯಶ್ ಹಿಂದಿನ ಹಾಗೆ ಜೋರು ಮಾಡಲಿಲ್ಲ. ಅವನ ಮುಖ ಬಾಡಿತ್ತು, ಹೇಳಬೇಕಾದ ಮಾತನ್ನು ಒಂದೊಂದಾಗಿ ಹೇಳಿಕೊಡುತ್ತ ಬಂದ. ಚಂದ್ರರಾಜರು ಎದುರಿಗೇ ನಿಂತಿದ್ದರು.

ಚನಿಯಪ್ಪ ಹೇಳಿಕೊಟ್ಟದ್ದನ್ನು ಹೇಳಿದ. ನನಗೆ ವಯಸ್ಸಾಯಿತು ಎಂದ. ನೆನಪು ಸರಿ ಇಲ್ಲ ಎಂದ. ಆ ದಿನ ಬಾಯಿಗೆ ಬಂದದ್ದನ್ನು ಹೇಳಿದೆ, ದಣಿಗಳ ಮನೆಯವರು ದೇವರಂಥವರು ಎಂದ. ನನ್ನ ತಾಯಿ ಜ್ವರ ಬಂದು ಸತ್ತದ್ದು ಎಂದ. ಅಲ್ಲಿಯವರೆಗೆ ಕಷ್ಟವಾಗಲಿಲ್ಲ.

"ಅವಳಿಗೆ ಯಾರೂ ಎಂತದೂ ಉಣ್ಣಿಸಲಿಲ್ಲ," ಎಂದು ಯಶ್ ಹೇಳಿಕೊಟ್ಟ.

ಚನಿಯಪ್ಪ ಬಾಯಿ ತೆರೆದ. ಮುಚ್ಚಿದ. ಅವನು ಸುಳ್ಳಿಗೆ ಹೆದರುವವನಲ್ಲ, ಬಡವನಿಗೆ ಸುಳ್ಳು ದಿನದ ಮಾತು. ಆದರೆ ಈ ಒಂದು ಮಾತು ಅವನ ತಲೆಯಲ್ಲಿ ಕೂರಲಿಲ್ಲ. ಅಪ್ಪೆ ಉಣ್ಣಲಿಲ್ಲ ಎಂದರೆ ಜ್ವರ ಅವಳಿಗೆ ದಾಟಲಿಲ್ಲ. ದಾಟಲಿಲ್ಲ ಎಂದರೆ ಅವಳು ಸುಮ್ಮನೆ ಸತ್ತಳು, ಬಸ್ಸಿನಡಿಗೆ ಬಿದ್ದ ನಾಯಿ ಸತ್ತ ಹಾಗೆ. ಅವಳು ನೆಕ್ಕಿದ ಎಲೆಗೆ ಬೆಲೆಯಿಲ್ಲ. ಆ ಮಗುವನ್ನು ಉಳಿಸಿದವಳು ನನ್ನ ಅಪ್ಪೆ ಎಂದು ಮೂತ್ರಿಯ ಗುಂಡಿಗೆ ಇಳಿಯುವಾಗಲೂ ಅವನು ಒಳಗೆ ಹಿಡಿದಿಟ್ಟುಕೊಂಡಿದ್ದ ಹೆಮ್ಮೆ ಸುಳ್ಳು. ಮತ್ತೆ ಆ ಮನೆಯಾದರೂ ಯಾತಕ್ಕೆ ಸಿಕ್ಕಿದ್ದು? ಅಪ್ಪೆಯನ್ನು ಕೊಟ್ಟು ಪಡೆದ ಮನೆಯನ್ನು ಅಪ್ಪೆಯನ್ನೇ ಅಲ್ಲಗಳೆದು ಉಳಿಸಿಕೊಳ್ಳುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

"ಹೇಳು," ಎಂದರು ಚಂದ್ರರಾಜರು. "ಊಟ ತಣ್ಣಗಾಗ್ತದೆ."

ಚನಿಯಪ್ಪ ಕುರ್ಚಿಯಿಂದ ಎದ್ದ. ಕೂತು ಕೇಳುವ ಮಾತಲ್ಲ ಅದು ಎಂದು ಅವನಿಗೆ ಅನಿಸಿತು. ಕೈ ಮುಗಿದುಕೊಂಡೇ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಧಾಟಿ ಇತ್ತು.

"ಅಪ್ಪೆ ಉಣ್ಣಲಿಲ್ಲ ಅಂತ ಬೇಕಾದ್ರೆ ಹೇಳ್ತೇನೆ ದಣಿ. ಆದ್ರೆ ಮತ್ತೆ ಆ ಅನ್ನ ಯಾರದಾಯ್ತು? ಉಂಡವರು ಯಾರೂ ಇಲ್ಲ ಅಂತಾದ್ರೆ ಅದು ಇನ್ನೂ ಎಲೆಯಲ್ಲೇ ಉಂಟಲ್ಲ. ನಿಮ್ಮ ಕೂದಲು, ನಿಮ್ಮ ಉಗುರು. ಅದನ್ನು ಇನ್ನು ನೀವೇ ಉಣ್ಬೇಕಾಗ್ತದೆ."

ಯಶ್ ಫೋನ್ ಕೆಳಗಿಳಿಸಿದ. ಚಂದ್ರರಾಜರ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ಚನಿಯಪ್ಪ ನೋಡಿದ. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ, ತನ್ನ ಮಾತಿನಲ್ಲಿ ಏನೋ ತಪ್ಪಿರಬೇಕೆಂದು ಹೆದರಿಕೆಯಾಯಿತು. ಅವರು ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ತಲೆ ತಗ್ಗಿಸಿ ಕಾದ. ಅವರು ಬಯ್ಯಲಿಲ್ಲ.

"ಹೊರಗೆ ಹಾಕಿ ಇವನನ್ನು," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ಜೆಸಿಬಿಯವನಿಗೆ ಕೈ ಮಾಡಿದರು.

ಒಬ್ಬ ಕೆಲಸದವನು ಚನಿಯಪ್ಪನ ರಟ್ಟೆ ಹಿಡಿದು ಪಕ್ಕದ ಬಾಗಿಲಿನಿಂದ ಆಚೆ ದೂಡಿದ. ಅವನು ಮೆಟ್ಟಿಲಲ್ಲಿ ಮುಗ್ಗರಿಸಿ, ಬಾಗಿಲಿನ ಚೌಕಟ್ಟು ಹಿಡಿದು ನಿಂತ. ಹಿಂಬದಿಯಲ್ಲಿ ಯಂತ್ರ ಗುಡುಗಿತು, ಶೀಟುಗಳು ಮುರಿದು ಬೀಳುವ ಸದ್ದು ಕೇಳಿಸಿತು. ಹಾಲ್‌ನ ಗೋಡೆ ಸಣ್ಣಗೆ ಅದುರಿ, ಮೇಜಿನ ಮೇಲಿನ ನೀರಿನ ಲೋಟಗಳು ನಡುಗಿದವು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಬಡಿಸುವವರು ಊಟ ನಿಲ್ಲಬಾರದೆಂದು ಅನ್ನ ಬಡಿಸಿದರು, ಸಾರು ಬಡಿಸಿದರು.

ಚಂದ್ರರಾಜರು ಎಲೆಯ ಮುಂದೆ ಕೂತರು. ಅನ್ನ ಕಲಸಿದರು. ತುತ್ತು ಕಟ್ಟಿ ಬಾಯಿಯ ಹತ್ತಿರ ತಂದವರು ಕೈ ಇಳಿಸಿದರು. ಅನ್ನವನ್ನು ಬೆರಳಿನಲ್ಲಿ ಎಲೆಯ ಮೇಲೆ ಹರಡಿದರು. ತಲೆ ಬಗ್ಗಿಸಿ, ಅಗುಳುಗಳನ್ನು ಬಿಡಿಸಿ ಬಿಡಿಸಿ ನೋಡಿದರು.

"ಎಂತ, ಕೂದಲು ಸಿಕ್ಕಿತಾ?" ಎಂದು ಪಕ್ಕದಲ್ಲಿದ್ದ ಹಾಜಿಯವರು ಕೇಳಿದರು.

ಚಂದ್ರರಾಜರು ಅನ್ನವನ್ನು ಮತ್ತೆ ಗುಡ್ಡೆ ಮಾಡಿದರು, ಮತ್ತೆ ಹರಡಿದರು. ಪಾತ್ರೆಗಳನ್ನಾದರೂ ಹೊರಗೆ ಹಾಕುವ, ಬೇಗ ಬನ್ನಿ ಅಪ್ಪ ಎಂದು ಧೂಳಿನ ಒಳಗಿನಿಂದ ಸುಮತಿ ಕೂಗುತ್ತಿದ್ದಳು. ಚನಿಯಪ್ಪನಿಗೆ ಅದು ಕೇಳಿಸಿತು. ಆದರೂ ಅವನು ಬಾಗಿಲು ಬಿಟ್ಟು ಕದಲಲಿಲ್ಲ. ದಣಿ ಉಣ್ಣುವುದನ್ನೇ ಕಾಯುತ್ತ ಅಲ್ಲೇ ನಿಂತ.